ಬೆಂಕಿಹಕ್ಕಿಯನ್ನು ಬ್ಯಾನ್ ಮಾಡಿಸಿದೆ

ಗೆಳೆಯರೇ, ಇವತ್ತು ಗೆದ್ದೆ! ನಮ್ಮ ಅಂಬೇವಾಡಿಯ ಕಾರ್ಡ್ ಬಳಗದಲ್ಲಿ ಮಹಾಂತೇಶ 'ಬೆಂಕಿಹಕ್ಕಿ' ಕಾರ್ಡ್ ಇಳಿಸಿದರೆ ಎದುರಿನವರ ಆಟ ಅಲ್ಲಿಗೇ ಮುಗಿಯಿತು. ಅದನ್ನು ಬ್ಯಾನ್ ಮಾಡಿ ಎಂದಾಗಲೆಲ್ಲ ಅವನದು ಒಂದೇ ಉತ್ತರ: "ಸೋತವರ ಮಾತು ನಡಿಯಂಗಿಲ್ಲಕ್ಕಾ. ಅದ ಕಾರ್ಡಲೆ ಗೆದ್ದು ತೋರ್ಸಿ, ಆಮ್ಯಾಲ ಕೇಳ್ರಿ."

ಸರಿ. ಪಾಳಾ ಊರಿನ ಗೆಳತಿಯ ಬೆಂಕಿಹಕ್ಕಿಯನ್ನು ಎರವಲು ತಂದು, ಇವತ್ತು ಮೂರನೇ ಸರದಿಯಲ್ಲೇ ಮಹಾಂತೇಶನನ್ನು ಸೋಲಿಸಿದೆ. ಕೂಡಲೇ ಎದ್ದು ನಿಂತು, "ನಾ ಗೆದ್ದೇನಿ. ಈಗ ಕೇಳ್ತೇನಿ, ಇದನ್ನ ಬ್ಯಾನ್ ಮಾಡ್ರಿ" ಎಂದೆ. ಅವನೊಬ್ಬನನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು.

"ಏ, ಇದು ಅನ್ಯಾಯ ಐತಿ! ಬ್ಯಾನ್ ತಗೀರಿ!"

"ನೀ ಸೋತೀಯಲ್ಲೋ ತಮ್ಮಾ, ನಿನ್ನ ಮಾತು ಹೆಂಗ ನಡೀತೈತಿ?" ಎಂದೆ.

ಕಾರ್ಡ್ ಹೋಯಿತು. ಮಹಾಂತೇಶನ ರೂಲನ್ನು ಮಾತ್ರ ಹಾಗೇ ಇಟ್ಟುಕೊಂಡಿದ್ದೇವೆ. ಬಹಳ ಒಳ್ಳೆಯ ರೂಲದು.