ಆರು ಒಲೆಗಳ ನೀಲವ್ವ

ಆರು ಒಲೆ ಒಟ್ಟಿಗೆ ಉರಿಯುತ್ತಿದ್ದರೂ ನನ್ನ ಅತ್ತೆ ನೀಲವ್ವ ಯಾವ ಪಾತ್ರೆಯ ಮುಚ್ಚಳವನ್ನೂ ತೆಗೆದು ನೋಡುತ್ತಿರಲಿಲ್ಲ. ನಡುವೆ ಮಣೆ ಹಾಕಿಕೊಂಡು ಕೂತು, ಬೆನ್ನ ಹಿಂದಿನ ಬೇಳೆ ಬೆಂದದ್ದನ್ನು ವಾಸನೆಯಿಂದಲೇ ಹೇಳುತ್ತಿದ್ದರು. ಗೋಕಾಕದಿಂದ ಹುಕ್ಕೇರಿಯವರೆಗೆ ನಮ್ಮ ಮಂದಿಯಲ್ಲಿ ಮದುವೆ ಗೊತ್ತಾದರೆ ಮಠದ ಸ್ವಾಮಿಗಳಿಗೆ ಹೇಳಿದ ಮೇಲೆ ಮುಂದಿನ ಕರೆ ಅತ್ತೆಗೇ. "ಸ್ವಾಮಿಗೋಳು ತಡಾ ಮಾಡಿದ್ರ ಮಂದಿ ಕುಂಡ್ರತಾರ, ಊಟ ತಡಾ ಆದ್ರ ಎದ್ದ ಹೋಗ್ತಾರ" ಎಂದು ನಗುತ್ತಿದ್ದರು.

ಸ್ವಾತಂತ್ರ್ಯ ಬರಲು ಇನ್ನೂ ಹತ್ತು-ಹನ್ನೆರಡು ವರ್ಷವಿತ್ತು. ನಾನು ಗೋಕಾಕದ ಆ ಮನೆಗೆ ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ಹುಕ್ಕೇರಿಯ ಮದುವೆಯೊಂದನ್ನು ಮುಗಿಸಿ ಬರುವಾಗ ಇಳಿಜಾರಿನಲ್ಲಿ ಚಕ್ಕಡಿ ಮಗುಚಿ ಅತ್ತೆಯ ತಲೆ ಬಂಡೆಗೆ ಬಡಿಯಿತು. ನಾಲ್ಕು ದಿನ ಎಚ್ಚರವಿರಲಿಲ್ಲ. ಆಮೇಲೆ ಕಣ್ಣು ಬಿಟ್ಟರು, ಎರಡು ತಿಂಗಳಲ್ಲಿ ನಡೆದಾಡಿದರು, ಎಲ್ಲರನ್ನೂ ಹೆಸರು ಹಿಡಿದು ಕರೆದರು. ಗಂಡಾಂತರ ಕಳೆಯಿತು ಅಂದುಕೊಂಡೆವು.

ಒಲೆಯ ಮುಂದೆ ಕೂತಾಗ ನಿಜ ತಿಳಿಯಿತು. ರೊಟ್ಟಿಯ ಹಿಟ್ಟನ್ನು ಅರ್ಧ ನಾದಿ ಬದನೆಕಾಯಿ ಹೆಚ್ಚಲು ಏಳುತ್ತಿದ್ದರು. ಅದನ್ನೂ ಅಲ್ಲೇ ಬಿಟ್ಟು ಅಕ್ಕಿ ತೊಳೆಯಲು ಹೋಗುತ್ತಿದ್ದರು. ಅಷ್ಟರಲ್ಲಿ ರೊಟ್ಟಿ ಬೇಯಿಸುವ ಹಂಚು ಒಲೆಯ ಮೇಲೆ ಬರಿದೇ ಕಾದು ಕೆಂಪಾಗಿರುತ್ತಿತ್ತು. ಎಂದೂ ದನಿ ಏರಿಸದವರು ಸಣ್ಣದಕ್ಕೂ ಸಿಡಿಯತೊಡಗಿದರು. ಒಂದು ದಿನ ಬೇಳೆ ಸೀದಾಗ ನಾನು ಅವರ ಕೈಯಿಂದ ಸೌಟು ಕಸಿದುಕೊಂಡೆ. ಅವರು ಅದನ್ನು ಕಿತ್ತುಕೊಂಡು ಗೋಡೆಗೆ ಎಸೆದರು. "ತಲಿ ಕೆಟ್ಟೈತಿ, ಒಲಿ ಹತ್ರ ಬಿಡಬ್ಯಾಡ್ರಿ" ಎಂದು ಓಣಿಯ ಹೆಂಗಸರು ಹೇಳಿದರು. ನನ್ನ ಗಂಡ ಅದನ್ನು ಒಪ್ಪಿದ. ಎಂಟು ದಿನ ಅತ್ತೆ ಪಡಸಾಲೆಯ ಕಂಬಕ್ಕೆ ಒರಗಿ ಸುಮ್ಮನೆ ಕೂತರು.

ಒಂಬತ್ತನೆಯ ದಿನ ಬೆಳಿಗ್ಗೆ ಅಡುಗೆಮನೆಗೆ ಬಂದು ನನ್ನೆದುರು ಕೂತರು.

"ಗೌರಿ, ಕೈಗೆ ಎಲ್ಲಾ ಗೊತ್ತೈತಿ. ಯಾವುದ ಮೊದ್ಲ, ಯಾವುದ ಆಮ್ಯಾಲ ಅನ್ನೂದಷ್ಟ ತಿಳೀವಲ್ದು. ನೀ ಬಾಜೂ ಕುಂತ ಒಂದೊಂದ ಹೇಳು. ಆದ್ರ ಕೈ ಹಚ್ಚಬ್ಯಾಡ."

"ಸುಟ್ಟರ ಏನ್ ಮಾಡೂದ್ರಿ, ಅತ್ತಿ?"

"ಸುಡ್ಲಿ. ಸುಟ್ಟದ್ದ ನಾನ ತಿಂತೇನಿ."

ನಾನು ಹೇಳಿದ್ದನ್ನು ಅವರು ಗಟ್ಟಿಯಾಗಿ ಅಂದು ಮಾಡುತ್ತಿದ್ದರು. "ಬ್ಯಾಳಿ ತೊಳದ್ನಿ. ಈಗ ಏನು? ನೀರು." ಕೆಲವು ವಾರಗಳಾದ ಮೇಲೆ ಅವರಿಗೇ ಒಂದು ಉಪಾಯ ಹೊಳೆಯಿತು. ಬೇಕಾದದ್ದನ್ನೆಲ್ಲ ಮೊದಲೇ ಬಟ್ಟಲುಗಳಲ್ಲಿ ತೆಗೆದು, ಬಳಸುವ ಕ್ರಮದಲ್ಲಿ ಸಾಲಾಗಿ ಇಡುವುದು. ಒಂದು ಕೆಲಸ ಮುಗಿದರೆ ಆ ಬಟ್ಟಲನ್ನು ಬೋರಲು ಹಾಕುವುದು. ನಡುವೆ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಒಮ್ಮೆ ನನ್ನ ಗಂಡ ಬಾಗಿಲಲ್ಲಿ ನಿಂತು ಮೂರು ಸಲ "ಯವ್ವಾ" ಅಂದ. ಬಟ್ಟಲು ಬೋರಲಾದ ಮೇಲೆಯೇ ತಿರುಗಿ, "ಈಗ ಹೇಳಪಾ" ಎಂದರು.

ಬರೀ ರೊಟ್ಟಿ-ಪಲ್ಯಕ್ಕೆ ಮಳೆಗಾಲವೆಲ್ಲ ಹೋಯಿತು. ಹೋಳಿಗೆಯ ಹೂರಣ ನಾಲ್ಕು ಸಲ ಕೆಟ್ಟಿತು. ಸೀದದ್ದನ್ನು ಹಟ ಹಿಡಿದು ಅವರೇ ತಿಂದರು. ಚಳಿಗಾಲದಲ್ಲಿ ನಾನು ಬಾಯಿ ಮುಚ್ಚಿಕೊಂಡು ಪಕ್ಕದಲ್ಲಿ ಕೂರುತ್ತಿದ್ದೆ, ಅಷ್ಟೆ. ಬೇಸಿಗೆಗೆ ಅದೂ ಬೇಡವಾಯಿತು.

ಆ ಬೇಸಿಗೆಯಲ್ಲಿ ಕಲ್ಲೋಳಿಯಿಂದ ಅತ್ತೆಯ ಗೆಳತಿ ಶಾಂತವ್ವ ಮಗಳ ಮದುವೆಗೆ ಕರೆಯಲು ಬಂದಳು. "ಮುನ್ನೂರ ಮಂದಿ ಐತಿ. ನಿನ್ನ ಕಡಿಂದ ಆಗತೈತೇನ, ನೀಲವ್ವ?" ನನ್ನ ಗಂಡ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದ. ಅತ್ತೆ ಅವನ ಕಡೆ ನೋಡದೆ, "ಆಗತೈತಿ" ಎಂದರು.

ಮದುವೆಯ ದಿನ ಬಟ್ಟಲುಗಳ ಜಾಗದಲ್ಲಿ ಬುಟ್ಟಿಗಳ ಸಾಲು ಇತ್ತು. ಹೂರಣ ಇನ್ನೂ ಅರೆಯುತ್ತಿದ್ದೆವು. ಮೂಡಲಗಿಯ ಬೀಗರ ಚಕ್ಕಡಿಗಳು ಎರಡು ತಾಸು ಮೊದಲೇ ಬಂದು ನಿಂತವು. ಹೇಳಿದ್ದಕ್ಕಿಂತ ನೂರು ಜನ ಹೆಚ್ಚಿದ್ದರು. ವರನ ಸೋದರಮಾವ ನೇರವಾಗಿ ಅಡುಗೆಯ ಚಪ್ಪರಕ್ಕೆ ಬಂದು, "ಹುಡುಗ್ರು ಹಸದಾವ, ಪಂಕ್ತಿ ಕುಂಡರಸ್ರಿ!" ಎಂದು ಕೂಗಿದ. ಕೆಲಸದ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಅತ್ತೆ ಒಂದು ಬುಟ್ಟಿ ಹಿಡಿದು, ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಾಕಿದರು. ನಾನು ಬಾಯಿ ತೆರೆದೆ. ಅವರು ಅಂಗೈ ಎತ್ತಿ ನನ್ನನ್ನು ತಡೆದು ಕಣ್ಣು ಮುಚ್ಚಿದರು.

"ನಿಲ್ಲು, ನೀಲವ್ವ. ಏನ ತಯಾರೈತಿ? ಅನ್ನ, ಕಟ್ಟಿನ ಸಾರು, ಬದನಿಕಾಯಿ ಎಣಗಾಯಿ. ಏನ ಇಲ್ಲ? ಸಿಹಿ." ಬೆರಳು ಮಡಿಚುತ್ತ ಲೆಕ್ಕ ಹಾಕಿದರು. ಆಮೇಲೆ ಕಣ್ಣು ಬಿಟ್ಟರು. "ಸಂಜಿ ಹುಗ್ಗಿಗಂತ ಬೇಯಿಸಿದ ಗೋದಿ ಐತಲ್ಲ, ಅದಕ್ಕ ಬೆಲ್ಲಾ ಹಾಕ್ರಿ. ಈಗ ಹುಗ್ಗಿ, ಸಂಜಿಗೆ ಹೋಳಿಗಿ. ಗೌರಿ, ಇನ್ನ ನೂರ ಮಂದಿಗೆ ಅಕ್ಕಿ ತೊಳಿ."

ಹೇಳುತ್ತಲೇ ಬುಟ್ಟಿಗಳನ್ನು ತಾವೇ ಎಳೆದು ಸಾಲನ್ನು ಹೊಸದಾಗಿ ಜೋಡಿಸಿದರು. ಅರ್ಧ ತಾಸಿನಲ್ಲಿ ಮೊದಲ ಪಂಕ್ತಿ ಕೂತಿತು. ಆ ದಿನ ಯಾರೂ ಹಸಿದು ಏಳಲಿಲ್ಲ. ಕೂಗಿದ ಸೋದರಮಾವ ಮೂರು ಸಲ ಹುಗ್ಗಿ ಹಾಕಿಸಿಕೊಂಡು, ಕೈ ತೊಳೆದವನೇ ಚಪ್ಪರಕ್ಕೆ ಬಂದ.

"ಯವ್ವಾ, ಇಂಥಾ ಅಡಿಗಿ ಮಾಡೂದು ಎಷ್ಟ ವರ್ಷದಿಂದ?"

"ಹೋದ ವರ್ಷ ಕಲತ್ನಿರಿ" ಎಂದರು ಅತ್ತೆ.

ನಾನು ಜೋರಾಗಿ ನಕ್ಕೆ, ಅಳುವೂ ಬಂತು. ಎಂಜಲೆಲೆ ಎತ್ತುತ್ತಿದ್ದ ನನ್ನ ಗಂಡ ಬಂದು ತಾಯಿಯ ಕಾಲು ಮುಟ್ಟಿದ. ಅವರು ಅವನ ಬೆನ್ನಿಗೆ ಒಂದು ಗುದ್ದು ಕೊಟ್ಟು, "ನೀರ ತಗೊಂಬಾ" ಅಂದರು.

ಅದಾದ ಮೇಲೆ ಒಂಬತ್ತು ವರ್ಷ ಅವರು ಮದುವೆಗಳನ್ನು ನಡೆಸಿದರು. ಎಷ್ಟೋ ಕಡೆ ನಾನಿಲ್ಲದೆಯೇ ಹೋಗಿ ಬಂದರು. ಒಂದು ಬೆಳಿಗ್ಗೆ ಜೋಳ ಹಸನು ಮಾಡುತ್ತ ಮೊರದ ಮುಂದೆಯೇ ಒರಗಿದರು, ಮತ್ತೆ ಏಳಲಿಲ್ಲ.

ಅವರು ಹೋದ ಮೇಲಿನ ಶಿವಗಣಾರಾಧನೆಯ ಅಡುಗೆ ನಾನು ಮಾಡಿದೆ. ಹುಕ್ಕೇರಿಯವರು, ಮೂಡಲಗಿಯವರು, ಕಲ್ಲೋಳಿಯವರು ಪಂಕ್ತಿಯಲ್ಲಿ ಕೂತು, ನೀಲವ್ವ ಮಾಡಿದ ಊಟಗಳಲ್ಲಿ ಯಾವ ಮದುವೆಯದು ದೊಡ್ಡದು ಎಂದು ವಾದಕ್ಕಿಳಿದರು. ಚಕ್ಕಡಿ ಮಗುಚಿದ ಮಾತನ್ನು ಒಬ್ಬರೂ ಎತ್ತಲಿಲ್ಲ. ಶಾಂತವ್ವ ನನ್ನ ಹೋಳಿಗೆ ಮುರಿದು ಬಾಯಿಗಿಟ್ಟು, "ಚಲೋ ಆಗೈತಿ ಗೌರಿ. ಆದ್ರ ನೀಲವ್ವನ ಕೈ ಅಲ್ಲ ಬಿಡು" ಎಂದಳು.

ಅಷ್ಟು ಖುಷಿ ಕೊಟ್ಟ ಮಾತನ್ನು ನಾನು ಇನ್ನೆಲ್ಲೂ ಕೇಳಿಲ್ಲ. ಅವಳ ಎಲೆಗೆ ಇನ್ನೂ ಒಂದು ಹೋಳಿಗೆ ಹಾಕಿ, ಮೇಲೆ ಧಾರಾಳವಾಗಿ ತುಪ್ಪ ಸುರಿದೆ.