ಆಗಮನದ ದಿನಾಂಕವಿಲ್ಲದ ಕೂಸು

ಎಳೆಗೂಸಿಗೆ ನೀರು ಹಾಕುವುದನ್ನು ನೀವು ಹತ್ತಿರದಿಂದ ನೋಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಕುರುಗೋಡಿನ ನಮ್ಮ ದೊಡ್ಡವ್ವ, ಅಂದರೆ ನನ್ನ ತಾಯಿಯ ಅಕ್ಕ ಗೌರವ್ವ, ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಡಿ, ಎಣ್ಣೆ ಸವರಿದ ಕೂಸನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಬೋರಲು ಮಲಗಿಸಿಕೊಂಡು, ಹಂಡೆಯ ನೀರನ್ನು ಮೊದಲು ತನ್ನ ಮೊಣಕಾಲಿಗೆ ಸುರುವಿ ಬಿಸಿ ನೋಡಿ, ಆಮೇಲೆ ಕೂಸಿನ ಬೆನ್ನಿಗೆ ಹಾಕುತ್ತಾಳೆ. ಆ ದಿನ ಅವಳ ಕಾಲ ಮೇಲಿದ್ದ ಕೂಸಿನ ಹೆಸರು ಕ್ಲಾರಾ. ಅದರ ತಂದೆತಾಯಿ ಪೋರ್ಚುಗಲ್ ದೇಶದವರು. ನಾನು ಟವೆಲು ಹಿಡಿದು ಬಚ್ಚಲ ಬಾಗಿಲಲ್ಲಿ ನಿಂತಿದ್ದಾಗ ಫೋನು ಬಂತು. ವಿದೇಶಿಯರ ಕಾಗದಪತ್ರ ನೋಡಿಕೊಳ್ಳುವ ಕಚೇರಿಯಿಂದ. ಬಹಳ ಸಭ್ಯವಾದ ಗಂಡುದನಿ.

“ಮೇಡಂ, ಮಗು ಭಾರತಕ್ಕೆ ಯಾವತ್ತು ಬಂತು? ಆಗಮನದ ದಿನಾಂಕ ಖಾಲಿ ಬಿಟ್ಟಿದೀರ.”

“ಬಂದಿಲ್ಲ ಸರ್, ಇಲ್ಲೇ ಹುಟ್ಟಿದೆ. ಬಳ್ಳಾರಿಯಲ್ಲಿ.”

“ಅದು ಸರಿ ಮೇಡಂ. ಬಂದಿದ್ದು ಯಾವಾಗ?”

ನಾನು ಬಳ್ಳಾರಿಯ ನ್ಯಾಯಾಲಯದಲ್ಲಿ ವಕೀಲಳು. ಸಿಟ್ಟು ನನ್ನ ವೃತ್ತಿಯ ಉಪಕರಣ. ಬಡಗಿ ಉಳಿಯನ್ನು ಮಸೆದಿಟ್ಟುಕೊಳ್ಳುವಂತೆ ಅದನ್ನು ಮಸೆದಿಟ್ಟುಕೊಂಡು, ಬೇಕಾದಾಗ ಬೇಕಾದಷ್ಟೇ ಹೊರತೆಗೆಯುವುದು ನನಗೆ ರೂಢಿ. ಆದರೆ ಆ ದಿನ ಬಂದ ಸಿಟ್ಟು ಬೇರೆ ಜಾತಿಯದು. ಅದು ಈಗಲೂ ಆರಿಲ್ಲ. ಆರಬೇಕು ಎಂದೂ ನನಗೆ ಅನ್ನಿಸಿಲ್ಲ. ಅದು ಯಾಕೆ ಅಂತ ನಿಮಗೆ ಹೇಳಬೇಕು.

ಲಾಕ್‌ಡೌನ್ ಘೋಷಣೆಯಾದ ಹೊತ್ತಿಗೆ ನಾನು ನನ್ನ ತವರೂರು ಸಿರುಗುಪ್ಪದಿಂದ ಕಾರಿನಲ್ಲಿ ಬಳ್ಳಾರಿಗೆ ಹೊರಟಿದ್ದೆ. ಬಸ್ ನಿಲ್ದಾಣದ ಎದುರು ಒಂದು ಗುಂಪು ಕಂಡಿತು. ನಡುವೆ ಇಬ್ಬರು ಬಿಳಿಯರು: ಎತ್ತರದ, ಕನ್ನಡಕದ ಯುವಕ, ಅವನ ಪಕ್ಕದಲ್ಲಿ ಹೊಟ್ಟೆ ಆಗಷ್ಟೇ ಕಾಣತೊಡಗಿದ್ದ ಹುಡುಗಿ. ಅವನು ರುಯಿ, ಶಾಲೆಯಲ್ಲಿ ಇತಿಹಾಸ ಕಲಿಸುವವನು. ಅವಳು ಇನೇಸ್, ಅವನ ಹೆಂಡತಿ. ಕೆಂಚನಗುಡ್ಡದ ಹೊಳೆದಂಡೆಯ ಹಳೆಯ ಕಟ್ಟಡಗಳನ್ನು ನೋಡಿಕೊಂಡು ಬಂದಿದ್ದರು. ಇನ್ನು ಬಸ್ಸಿರಲಿಲ್ಲ. ಗುಂಪಿನಲ್ಲೊಬ್ಬ, “ಇವ್ರೇ ಲೇ ರೋಗ ತಂದಿದ್ದು, ಊರು ಬಿಟ್ಟು ಓಡಸ್ರಿ,” ಎಂದು ಕೂಗುತ್ತಿದ್ದ. ಇನೇಸ್ ಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿದುಕೊಂಡಿದ್ದಳು. ಅಷ್ಟು ನೋಡಿದ್ದೇ ಸಾಕಾಯಿತು. ಕಾರಿನ ಹಿಂದಿನ ಬಾಗಿಲು ತೆರೆದೆ.

ದಾರಿಯಲ್ಲಿ ಬಳ್ಳಾರಿಯ ಲಾಡ್ಜುಗಳಿಗೆಲ್ಲ ಫೋನು ಮಾಡಿದೆ. ವಿದೇಶಿಯರು ಎಂದ ಕೂಡಲೇ ಎಲ್ಲರ ಕೋಣೆಗಳೂ ಭರ್ತಿಯಾಗಿಬಿಡುತ್ತಿದ್ದವು. ಕೊನೆಗೆ ಕುರುಗೋಡಿಗೆ ತಿರುಗಿದೆ. ದೊಡ್ಡವ್ವ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾಳೆ. ಗಿರಣಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗಿದ್ದ ಮೇಷ್ಟ್ರು ಶಾಲೆ ಮುಚ್ಚಿತೆಂದು ಊರಿಗೆ ಹೋಗಿದ್ದರು. ಅವಳು ಹಿಟ್ಟಿನ ಕೈಯಲ್ಲೇ ಹೊರಗೆ ಬಂದು ಇನೇಸಳನ್ನು ತಲೆಯಿಂದ ಕಾಲಿನವರೆಗೆ ನೋಡಿ, ನನಗೆ ಹೇಳಿದ್ದು ಇಷ್ಟೇ: “ಬಸುರಿ ಹೆಂಗಸನ್ನ ಬಿಸಲಾಗ ನಿಂದ್ರಿಸಿ ಏನ್ ಹೇಳಾಕತ್ತೀಯವ್ವಾ? ಒಳಗ ಕರ್ಕೊಂಬಾ.”

ಪ್ರವಾಸಿಗಳಾಗಿ ಬಂದವರು ಹೀಗೆ ನಿವಾಸಿಗಳಾದರು. ರುಯಿ ಗಿರಣಿಗೆ ಬರುವ ಜೋಳದ ಚೀಲ ಇಳಿಸಲು ಕಲಿತ. ಇನೇಸ್ “ಸಾಕು”, “ಬ್ಯಾಡ”, “ಇನ್ನೊಂದೀಟು” ಎಂಬ ಮೂರು ಮಾತುಗಳಲ್ಲೇ ದೊಡ್ಡವ್ವನ ಅಡುಗೆಮನೆಯನ್ನು ಗೆದ್ದಳು. ಮನೆಯೊಳಗೆ ಯಾರಿಗೂ ಯಾವ ತೊಂದರೆಯೂ ಇರಲಿಲ್ಲ. ತೊಂದರೆಯೆಲ್ಲ ಫೋನಿನ ಪರದೆಯ ಮೇಲಿತ್ತು.

ಅವರ ವೀಸಾ ಮುಗಿಯುತ್ತ ಬಂದಿತ್ತು. ವಿಸ್ತರಣೆಗೆ ಕೂಡಲೇ ಅರ್ಜಿ ಹಾಕಿರಿ ಎಂದು ಒಂದು ಸೂಚನೆ ಬಂತು, ಹಾಕಿದೆವು. ಭಾವಚಿತ್ರ ದೊಡ್ಡದಾಯಿತು ಎಂದಿತು ಜಾಲತಾಣ, ಕುಗ್ಗಿಸಿದರೆ ಸಣ್ಣದಾಯಿತು ಎಂದಿತು. ಉಳಿದುಕೊಂಡ ಹೋಟೆಲಿನ ಹೆಸರು ಕೇಳಿತು. ಹಿಟ್ಟಿನ ಗಿರಣಿ ಎಂದು ಬರೆದರೆ ಒಪ್ಪಲಿಲ್ಲ. ಹೇಗೋ ಅರ್ಜಿ ದಾಟಿಸಿ ಉಸಿರು ಬಿಡುವಷ್ಟರಲ್ಲಿ ಇನ್ನೊಂದು ಸೂಚನೆ: ಅರ್ಜಿ ಬೇಕಿಲ್ಲ, ವಿಮಾನಗಳು ಹಾರುವವರೆಗೆ ಎಲ್ಲರ ವೀಸಾ ತಾನಾಗಿಯೇ ಮುಂದುವರಿಯುತ್ತದೆ. ಮೊದಲಿನ ಅರ್ಜಿ, ಅನಗತ್ಯ ಎಂಬ ಷರಾದೊಂದಿಗೆ ತಿರಸ್ಕೃತವಾಯಿತು. ಅದರ ಹಿಂದೆಯೇ ಮತ್ತೊಂದು: ದೇಶ ಬಿಟ್ಟು ಹೋಗಬಯಸುವವರು ನಿರ್ಗಮನದ ಅನುಮತಿ ಪಡೆಯಬೇಕು, ಅದಕ್ಕೆ ಚಾಲ್ತಿಯಲ್ಲಿರುವ ವೀಸಾ ತೋರಿಸಬೇಕು. ತಾನಾಗಿಯೇ ಮುಂದುವರಿದ ವೀಸಾಕ್ಕೆ ಮುದ್ರೆಯೆಲ್ಲಿ, ಹಾಳೆಯೆಲ್ಲಿ? ಅನುಮತಿ ಎಂಬ ಪದದೊಳಗೆ ಮತಿ ಅಡಗಿದೆ ಎಂದು ಚಿಕ್ಕಂದಿನಲ್ಲಿ ಪದ ಬಿಡಿಸುವಾಗ ಖುಷಿಪಟ್ಟವಳು ನಾನು. ಆ ಬೇಸಿಗೆಯಿಡೀ ಅದು ಎಲ್ಲಿ ಅಡಗಿದೆ ಎಂದು ಹುಡುಕಿದೆ.

ಈ ನಡುವೆ ದಿನ ತುಂಬಿತು. ಬಳ್ಳಾರಿಯ ಒಂದು ನರ್ಸಿಂಗ್ ಹೋಮಿನ ಗೇಟಿನವನು ಪಾಸ್‌ಪೋರ್ಟ್ ನೋಡಿದ್ದೇ ಕೈ ಅಡ್ಡ ಹಿಡಿದ. ಇನೇಸ್ ಕಾರಿನ ಸೀಟನ್ನು ಕಚ್ಚಿ ಹಿಡಿದಿದ್ದಳು. ನಾನು ಬೈಯಲು ಬಾಯಿ ತೆರೆದಾಗ ಪಕ್ಕದಲ್ಲಿದ್ದ ದೊಡ್ಡವ್ವ ನನ್ನ ಭುಜ ಒತ್ತಿ, “ಜಗಳ ಆಮ್ಯಾಲ ಮಾಡು, ಈಗ ಗಾಡಿ ಹೊಡಿ,” ಎಂದಳು. ಎರಡನೆಯ ಆಸ್ಪತ್ರೆಯ ವೈದ್ಯೆ ಪಾಸ್‌ಪೋರ್ಟ್ ಕೇಳುವ ಮೊದಲು ನಾಡಿ ನೋಡಿದಳು. ಸಂಜೆಗೆ ಕ್ಲಾರಾ ಹುಟ್ಟಿತು.

ಜನನ ಪ್ರಮಾಣಪತ್ರ ಬಂತು. ಅವರ ದೂತಾವಾಸದಿಂದ ಕೂಸಿಗೊಂದು ಪಾಸ್‌ಪೋರ್ಟೂ ಬಂತು. ಅದರಲ್ಲಿ ಕ್ಲಾರಾ ಕಣ್ಣು ಮುಚ್ಚಿ ಆಕಳಿಸುತ್ತಿತ್ತು. ಸಿಕ್ಕಿಬಿದ್ದವರನ್ನು ಕರೆದೊಯ್ಯಲು ಒಂದು ವಿಶೇಷ ವಿಮಾನ ಬರುವುದು ಗೊತ್ತಾಗಿ, ಮೂವರಿಗೂ ಆಸನ ಸಿಕ್ಕಿತು. ಅದು ಸಿಗಲೇಬೇಕಿತ್ತು. ಯಾಕೆಂದರೆ ಅಲ್ಲಿ, ಕಡಲ ದಂಡೆಯ ಅವರ ಸಣ್ಣ ಊರಿನಲ್ಲಿ, ಇನೇಸಳ ತಾಯಿ ಅದೇ ರೋಗ ತಗುಲಿ ಆಸ್ಪತ್ರೆ ಸೇರಿದ್ದಳು. ಆ ಮುದುಕಿ ದಿನಾಲೂ ಫೋನಿನಲ್ಲಿ ಮೊಮ್ಮಗಳನ್ನು ನೋಡುತ್ತಿದ್ದಳು. ದೊಡ್ಡವ್ವ ಕೂಸನ್ನು ಪರದೆಗೆ ಹಿಡಿದು ಕನ್ನಡದಲ್ಲಿ ಏನೋ ಹೇಳುವಳು, ಅವಳು ತನ್ನ ಭಾಷೆಯಲ್ಲಿ ಇನ್ನೇನೋ ಹೇಳುವಳು, ಇಬ್ಬರೂ ತಲೆಯಾಡಿಸುವರು. ಏನು ತಿಳಿಯಿತು ಎಂದು ನಾನು ಕೇಳಿದರೆ, “ಕೂಸಿನ ಮಾತಾಡೋದು ತಿಳಿಯಾಕ ಏನೈತಿ?” ಎನ್ನುವಳು.

ಮೊದಲು ಹೇಳಿದ ಫೋನು ಬಂದದ್ದು ಆಗ. ತಂದೆಗೆ ನಿರ್ಗಮನದ ಅನುಮತಿ ಸಿಕ್ಕಿತ್ತು, ತಾಯಿಗೂ ಸಿಕ್ಕಿತ್ತು. ಕೂಸಿನ ಅರ್ಜಿ ಮಾತ್ರ ಕೆಂಪು ಚುಕ್ಕಿಯಿದ್ದ ಒಂದು ಚೌಕದಲ್ಲಿ ನಿಂತುಬಿಟ್ಟಿತ್ತು. ಬಂದ ದಿನಾಂಕ ಬರೆಯದೆ ಹೋಗುವುದಕ್ಕೆ ಅದು ಬಿಡದು. ಹುಟ್ಟಿದ ದಿನವನ್ನೇ ಬರೆದೆ. ಯಾವ ವಿಮಾನ ನಿಲ್ದಾಣದಲ್ಲಿ ಇಳಿದದ್ದು ಎಂದು ಕೇಳಿತು. ಹೆರಿಗೆ ವಾರ್ಡನ್ನು ಬರೆಯಲು ಅಲ್ಲಿ ಜಾಗವಿರಲಿಲ್ಲ. ಪಕ್ಕದಲ್ಲಿ ಕೂಸಿಗೆ ಹಾಲೂಡಿಸುತ್ತಿದ್ದ ಇನೇಸ್ ನಿಧಾನವಾಗಿ ಹೇಳಿದಳು: “ನನ್ನ ದಿನಾಂಕ ಬರೆಯಿರಿ. ನಾನು ಬಂದ ದಿನವೇ ಅವಳೂ ಬಂದಳು, ನನ್ನೊಳಗೆ.” ಬರೆದೆ. ಆಗಮನದ ದಿನಾಂಕ ಜನ್ಮದಿನಾಂಕಕ್ಕಿಂತ ಹಿಂದಿನದಾಗಿರಕೂಡದು ಎಂದು ಪರದೆ ಉತ್ತರಿಸಿತು.

ಬಳ್ಳಾರಿಯ ಕಚೇರಿಗೆ ಹೋದೆ. ಅಲ್ಲಿದ್ದ ಅಧಿಕಾರಿ ಕುರ್ಚಿ ಹಾಕಿಸಿ, ನೀರು ಕೊಟ್ಟು, “ಇದು ನಮ್ ಕೈಯಾಗ ಇಲ್ರೀ ಮೇಡಂ, ಎಲ್ಲಾ ಆನ್‌ಲೈನ್ ಆಗೈತಿ,” ಎಂದರು. ಮೇಲಿನವರಿಗೆ ಪತ್ರ ಬರೆದೆ. ತಮ್ಮ ಪತ್ರ ತಲುಪಿದೆ ಎಂಬ ಯಂತ್ರದ ಉತ್ತರ ಬಂತು. ಉಚ್ಚ ನ್ಯಾಯಾಲಯದ ಮೆಟ್ಟಿಲು ಹತ್ತೋಣವೆಂದರೆ ವಿಮಾನದ ದಿನ ಕಣ್ಣೆದುರಿಗೆ ಬಂದಿತ್ತು. ಕೊನೆಯ ಮಧ್ಯಾಹ್ನ ಅದೇ ಸಭ್ಯ ದನಿಗೆ ಮತ್ತೆ ಫೋನು ಹಚ್ಚಿದೆ.

“ಮೇಡಂ, ತಂದೆ ತಾಯಿದು ಕ್ಲಿಯರ್ ಇದೆ. ಅವರು ಆರಾಮಾಗಿ ಹೋಗ್ಬಹುದು. ಮಗುದು ಆಮೇಲೆ ನೋಡೋಣ.”

“ಸರ್, ಅದು ಮೊಲೆ ಕುಡಿಯುವ ಕೂಸು.”

“ಅರ್ಥ ಆಗುತ್ತೆ ಮೇಡಂ. ಆದ್ರೆ ಸಿಸ್ಟಂ ತಗೊಳ್ತಿಲ್ಲ.”

ನಾನು ಕಿರುಚಿದೆ. ಗಿರಣಿಯ ಸದ್ದನ್ನೂ ಮೀರಿ, ಹಿಟ್ಟಿಗೆ ಬಂದವರು ತಿರುಗಿ ನೋಡುವ ಹಾಗೆ ಕಿರುಚಿದೆ. ನಿಮ್ಮ ಮನೆಯಲ್ಲಿ ಕೂಸುಗಳು ಹುಟ್ಟುತ್ತವೋ ಇಲ್ಲ ವಿಮಾನದಿಂದ ಇಳಿಯುತ್ತವೋ ಎಂದು ಕೇಳಿದೆ. ಅವರು ಬೇಸರಪಡಲಿಲ್ಲ, “ನಿಮ್ಮ ಸಹಕಾರಕ್ಕೆ ಧನ್ಯವಾದ,” ಎಂದು ಫೋನು ಇಟ್ಟರು. ದೊಡ್ಡವ್ವ ಒಳಗಿನಿಂದ, “ಸುಮಾ, ಕೂಸು ಮಲಗೈತಿ. ಸಿಟ್ಟು ಮಾಡೋದಿದ್ರ ಬೀದ್ಯಾಗ ಹೋಗಿ ಮಾಡವ್ವಾ,” ಎಂದಳು. ಬೀದಿಗೆ ಹೋದೆ. ಅಲ್ಲಿ ಸಿಟ್ಟು ಮಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ನನ್ನನ್ನು ಈಗಲೂ ಸುಡುವುದು ಇದೇ. ಬೈಗುಳಕ್ಕೆ ಬೈಗುಳ ಕೊಡಬಹುದು. ಲಂಚ ಕೇಳಿದವನ ಮೇಲೆ ದೂರು ಕೊಡಬಹುದು. ಸಿರುಗುಪ್ಪದ ಗುಂಪಿನಲ್ಲಿ ಕೂಗಿದವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದರೆ ಅವನು ತಲೆ ತಗ್ಗಿಸಿಯಾನು. ಆದರೆ ಸೌಜನ್ಯದಿಂದ, ಮೇಡಂ ಮೇಡಂ ಎನ್ನುತ್ತ, ಯಾರೂ ತಪ್ಪು ಮಾಡದೆ ನಡೆಯುವ ಅನ್ಯಾಯವನ್ನು ಎಲ್ಲಿ ಹಿಡಿಯುವುದು? ನಾನು ಮಾತಾಡಿದ ಪ್ರತಿಯೊಬ್ಬರಿಗೂ ಅರ್ಥವಾಗಿತ್ತು. ಅರ್ಥವಾದ ಮೇಲೂ ಒಂದು ಬೆರಳು ಅಲುಗಿಸದವರ ಎದುರಿಗೆ, ಏನೂ ಅರ್ಥವಾಗದ ಮೂರ್ಖರೇ ವಾಸಿ ಅನ್ನಿಸಿತು.

ತಾಯಿಯನ್ನು ನೋಡಲು ನೀನೊಬ್ಬಳೇ ಹೋಗು, ಕೂಸನ್ನು ನಾನು ನೋಡಿಕೊಳ್ಳುತ್ತೇನೆ ಎಂದು ರುಯಿ ಹೇಳಿದ. ಇನೇಸ್ ಚೀಲ ತುಂಬಿದಳು, ಮೆಟ್ಟಿಲಿಳಿದು ಬಂದಳು, ಕೂಸಿನ ಮುಖ ನೋಡಿದಳು, ಚೀಲವನ್ನು ಅಲ್ಲೇ ಬಿಟ್ಟು ಮೇಲೆ ಹೋಗಿಬಿಟ್ಟಳು. ವಿಮಾನ ಹೋಯಿತು.

ವಾರ ಕಳೆಯುವುದರೊಳಗೆ ಅವಳ ತಾಯಿ ತೀರಿಕೊಂಡಳು. ಮಣ್ಣು ಮಾಡುವುದನ್ನು ಮಗಳು ಗಿರಣಿಯ ಮೇಲಿನ ಕೋಣೆಯಲ್ಲಿ ಕೂತು ಫೋನಿನಲ್ಲಿ ನೋಡಿದಳು. ನೆಟ್‌ವರ್ಕ್ ನಡುನಡುವೆ ತುಂಡಾಗಿ, ಪಾದ್ರಿಯ ಕೈ ಗಾಳಿಯಲ್ಲೇ ನಿಂತುಬಿಡುತ್ತಿತ್ತು. ದೊಡ್ಡವ್ವ ಆ ದಿನ ಗಿರಣಿ ನಿಲ್ಲಿಸಿದಳು. ಇನೇಸಳ ಬೆನ್ನಿಗೆ ಬೆನ್ನು ಹಚ್ಚಿ ಕೂತಳು. ಸಂಜೆಗೆ ಗಂಜಿ ಕಾಸಿ, ತುತ್ತು ತುತ್ತಾಗಿ ಕುಡಿಸಿದಳು. ನಾನು ನ್ಯಾಯಾಲಯ, ಪರಿಹಾರ, ದಾವೆ ಎಂದು ಏನೇನೋ ಅಂದೆ. “ಅಕಿಗೆ ಅವ್ವ ಬೇಕಾಗ್ಯಾಳ. ಅದನ್ನ ನಿನ್ ಕೋರ್ಟು ಕೊಡತೈತೇನು?” ಎಂದಳು ದೊಡ್ಡವ್ವ, ದನಿ ಏರಿಸದೆ.

ಮತ್ತೊಂದು ಬೆಳಗ್ಗೆ, ನಾವು ಏನೂ ಹೊಸದಾಗಿ ಮಾಡದಿದ್ದರೂ, ಕೂಸಿಗೆ ಅನುಮತಿ ಬಂದಿತ್ತು. ಕಾರಣವಿಲ್ಲ, ವಿವರಣೆಯಿಲ್ಲ, ಕ್ಷಮೆಯಂತೂ ಇಲ್ಲವೇ ಇಲ್ಲ. ಜಾಲತಾಣ ತೆರೆದು ನೋಡಿದರೆ ಕೆಂಪು ಚುಕ್ಕಿಯ ಆ ಚೌಕವೇ ಮಾಯವಾಗಿತ್ತು. ಯಾರೋ ಎಲ್ಲೋ ಅದನ್ನು ಅಳಿಸಿದ್ದರು. ಹಾಗಾದರೆ ಮೊದಲೂ ಅಳಿಸಬಹುದಿತ್ತು. ಮುಂದಿನ ವಿಮಾನಕ್ಕೆ ಅವರನ್ನು ಬೆಂಗಳೂರಿನವರೆಗೆ ನಾನೇ ಬಿಟ್ಟು ಬಂದೆ. ಸಂತೋಷಪಡಬೇಕಾದ ದಿನವೂ ನಾನು ಹಲ್ಲು ಕಚ್ಚಿಕೊಂಡೇ ಇದ್ದೆ.

ಆಯಿತಲ್ಲ, ಹೋದರಲ್ಲ, ಇನ್ನೂ ಯಾಕೆ ಕುದಿಯುತ್ತೀ ಎಂದು ಬಾರ್ ರೂಮಿನ ಗೆಳತಿಯರು ಕೇಳುತ್ತಾರೆ. ಅವರಿಗೆ ಮುಂದಿನದನ್ನು ಹೇಳುತ್ತೇನೆ.

ಅವರು ಹೋಗಿ ಎಷ್ಟೋ ತಿಂಗಳಾಗಿದ್ದ ಒಂದು ಭಾನುವಾರ ನಾನು ಕುರುಗೋಡಿನಲ್ಲಿದ್ದೆ. ಗಿರಣಿಯ ಮುಂದೆ ಒಬ್ಬ ನಡುವಯಸ್ಸಿನ ಪೊಲೀಸ್ ಪೇದೆ ಬೈಕು ನಿಲ್ಲಿಸಿ, ಟೋಪಿ ತೆಗೆದು, ಸಂಕೋಚದಿಂದ ಒಳಗೆ ಬಂದರು.

“ಇಲ್ಲಿ ಒಬ್ರು ಫಾರಿನ್ ಹೆಣ್ಮಗಳು ಅದಾರಂತ್ರೀ. ವೀಸಾ ಮುಗದೈತಂತ. ಕ್ಲಾರಾ ಅಂತ ಹೆಸರು.”

ನಾನು ಅವರ ಕೈಯ ಹಾಳೆ ತೆಗೆದುಕೊಂಡು ಓದಿದೆ. ಕ್ಲಾರಾ ಹೋದದ್ದು ಎಲ್ಲೂ ದಾಖಲಾಗಿರಲಿಲ್ಲ. ಬಾರದೆಯೇ ಇದ್ದ ಕೂಸು ಈಗ ಹೋಗದೆಯೇ ಉಳಿದಿತ್ತು. ಅದು ಹೋಗಿ ಎಷ್ಟೋ ಕಾಲವಾಯಿತು, ಅದು ತೊಟ್ಟಿಲಗೂಸು ಎಂದು ನಾನು ಹೇಳಿದಾಗ ಪಾಪ, ಆ ಮನುಷ್ಯ ಬೆವತುಹೋದರು. “ನಾ ಏನ್ ಮಾಡ್ಲಿ ಮೇಡಂ, ಮ್ಯಾಲಿಂದ ಬಂದೈತಿ. ವಿಚಾರಣಿ ಮಾಡಿ ಬರ್ಕೊಂಡ್ ಹೋಗ್ಬೇಕು.”

ದೊಡ್ಡವ್ವ ಗಿರಣಿಯ ಬೆಲ್ಟು ನಿಲ್ಲಿಸಿ, ಕೈ ಕೊಡವಿಕೊಂಡು ಹತ್ತಿರ ಬಂದಳು. “ಏನಪ್ಪಾ, ಆ ಕೂಸು ಸಿಕ್ಕಿದ್ರ ಏನ್ ಮಾಡ್ತಿದ್ರಿ?”

“ದೇಶ ಬಿಟ್ಟು ಕಳಸ್ಬೇಕು ಅಂತ ಐತ್ರೀ ಇದರಾಗ.”

ಆ ಇಡೀ ವರ್ಷದಲ್ಲಿ ಒಮ್ಮೆಯೂ ದನಿ ಏರಿಸದ ನಮ್ಮ ದೊಡ್ಡವ್ವನ ಕತ್ತಿನ ನರ ಉಬ್ಬಿದ್ದನ್ನು ನಾನು ಅಂದು ನೋಡಿದೆ. ಹಿಟ್ಟು ಮೆತ್ತಿದ ಅವಳ ತೋಳು ಹಿಡಿದುಕೊಳ್ಳಲು ನಾನು ಕೈ ಚಾಚಿದೆ, ಕೊಸರಿಕೊಂಡಳು.

“ಹೋಗ್ತೀವಿ ಅಂತ ಕಾಲಿಗೆ ಬಿದ್ದಾಗ ಬಿಡ್ಲಿಲ್ಲ! ಈಗ ಹುಡುಕ್ಕೊಂಡ್ ಬಂದು ಹೊರಗ ಹಾಕ್ತೀರಾ? ಬರ್ಕೋಬೇಕು ಅಂದ್ರೆಲ್ಲಾ, ಬರ್ಕೋರಿ! ಆ ಕೂಸಿನ ದಾರಿ ಕಾಯ್ದು ಕಾಯ್ದು ಅದರಜ್ಜಿ ಸತ್ತಾಳ. ಮೊದಲು ಅದನ್ನ ಬರ್ಕೋರಿ!”

ಪೇದೆ ನನ್ನತ್ತ ನೋಡಿದರು. ಅವರು ಹಾಳೆಯನ್ನು ಮಡಿಚಿ ಮೊಣಕಾಲ ಮೇಲಿಟ್ಟುಕೊಂಡು, ಪೆನ್ನು ತೆಗೆದು, ಮೆತ್ತಗೆ ಕೇಳಿದರು:

“ಅಜ್ಜಿ ಹೆಸರು ಏನ್ರೀ?”

ನನಗೆ ಗೊತ್ತಿರಲಿಲ್ಲ. ಅಷ್ಟು ದಿನ ಆ ಸಂಸಾರಕ್ಕಾಗಿ ಹೊಡೆದಾಡಿದವಳಿಗೆ ಗೊತ್ತಿರಲಿಲ್ಲ. ದೊಡ್ಡವ್ವನಿಗೆ ಗೊತ್ತಿತ್ತು.

“ತೆರೇಸಮ್ಮ,” ಎಂದು ಅವಳು ಬಿಡಿಸಿ ಹೇಳಿದಳು. ಅವರು ಬರೆದುಕೊಂಡರು.