ಪಾತಣ್ಣನ ಆಮೆನ್

ವರವು ಕಾವಲೆಂಬ ಹುಲ್ಲುಗಾವಲಿನ ದನಗಾಹಿ ಪಾತಣ್ಣ ಭಾನುವಾರ ಬಂತೆಂದರೆ ರುಮಾಲು ತೆಗೆದು, ಹುಲ್ಲಿನ ನಡುವೆ ಕಾಲಗಲಿಸಿ, ಅಲೆಯ ಮೇಲಿನ ಹಡಗಿನಲ್ಲಿದ್ದವನಂತೆ ತೂಗಾಡುತ್ತ ನಿಂತು ಯೇಸುವಿನ ಹಾಡು ಹಾಡುತ್ತಾನೆ. ತಾನೇ ಮೇಯಿಸಿ ಬೆಳೆಸಿದ ಸರ್ಕಾರದ ಎತ್ತುಗಳ ಜೊತೆ ಯುದ್ಧಕ್ಕೆಂದು ಹಡಗು ಹತ್ತಿದಾಗ, ಪಾದ್ರಿಯ ಪ್ರಾರ್ಥನೆಯಲ್ಲಿ ಬಿಳಿ ಸೋಲ್ಜರುಗಳ ಹಿಂದೆ ನಿಂತು ಕಲಿತದ್ದು ಅದು. ಪದ ಒಂದೂ ಗೊತ್ತಿಲ್ಲ. ರಾಗ ಮಾತ್ರ ಕುರಿಗಳೂ ಮೇವು ಬಿಟ್ಟು ತಲೆಯೆತ್ತುವಷ್ಟು ಜೋರು. ಕೊನೆಯ 'ಆಮೆನ್' ಮೊಳಕಾಲ್ಮೂರಿಗೂ ಕೇಳಬೇಕು. "ಪದಾನೇ ಇಲ್ದೆ ಯೇಸಪ್ಪನ್ನ ಏನು ಕೇಳ್ತೀಯಲೇ?" ಎಂದು ಗೆಳೆಯ ಜೋಗಪ್ಪ ಕಾಡಿಸುತ್ತಾನೆ. "ಆ ಸೋಲ್ಜರುಗಳು ಕೇಳ್ತಿದ್ದದ್ದೇ ಕಣಲೇ, ಊರು ಮುಟ್ಟಿಸಪ್ಪಾ ಅಂತ." "ನೀನು ಊರು ಮುಟ್ಟಿ ಎಷ್ಟು ಕಾಲ ಆತಲೇ! ಇನ್ನೂ ಯಾಕೆ ಬೇಡ್ತೀಯ?" ಪಾತಣ್ಣ ರುಮಾಲು ಸುತ್ತಿಕೊಂಡು, ಖಾಲಿ ದೊಡ್ಡಿಯ ಬಾಗಿಲನ್ನು ಅಗಲವಾಗಿ ತೆರೆದಿಡುತ್ತಾನೆ. "ನಾನು ಬಂದೆ ಕಣಲೇ. ನನ್ನ ಎತ್ತುಗಳು ಇನ್ನೂ ಬಂದಿಲ್ವಲ್ಲ."